ಕಲ್ಲುಗಣಿಯ ಕೆಳಗಿಂದ ‘ಉಡಿ’ ಎಂದವರು

ಇದು ಕಟ್ಟಿದ ಕಥೆಯಲ್ಲ, ನಡೆದದ್ದು. ಕಟ್ಟುವ ಹಾಗಿದ್ದರೆ ಕೊನೆಯಲ್ಲಿ ಏನಾದರೊಂದು ಅರ್ಥ ಇಡುತ್ತಿದ್ದೆ. ಆ ಹುಡುಗಿಯ ತಂದೆ ತಾಯಿ ಇಬ್ಬರೂ ಈಗ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರಿದ್ದಾಗ ಬಾಯಿ ಬಿಡಲು ಧೈರ್ಯವಾಗಲಿಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ನಾನು ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುತ್ತಿದ್ದೆ. ವಿಜಾಪುರ ಕಡೆಯವಳಾದರೂ ಹುಡುಗಿಯರಿಗೆಲ್ಲ ನಾನು ‘ಮೌಶಿ’. ಮರಾಠಿಯಲ್ಲಿ ಚಿಕ್ಕಮ್ಮ.

ಆ ವರ್ಷ ಒಂಬತ್ತನೇ ಇಯತ್ತೆಯ ಹುಡುಗಿಯರಿಗೆ ಲೀಡರ್‌ಶಿಪ್ ಕ್ಯಾಂಪು ಎಂದು ಹೊಸದೊಂದು ಹುಟ್ಟಿತು. ಮುಂಬ್ರಾದ ಗುಡ್ಡದ ಮೇಲೆ ಎರಡು ದಿನ. ಹನ್ನೆರಡು ಹುಡುಗಿಯರು, ಆಟ ಕಲಿಸುವ ಶೆಟ್ಟಿ ಸರ್, ಅಡುಗೆಗೂ ಕಾವಲಿಗೂ ನಾನು. ಇಳಿದದ್ದು ಒಂದು ಹಳೇ ತಗಡಿನ ಶೆಡ್ಡಿನಲ್ಲಿ. ಅದರಾಚೆ ಯಾವ ಕಾಲದಲ್ಲೋ ಬಿಟ್ಟುಹೋದ ಕಲ್ಲುಗಣಿ.

ಹಗಲೆಲ್ಲ ಆಟ. ಹಗ್ಗ ಹತ್ತುವುದು, ಇಬ್ಬಿಬ್ಬರ ಕಾಲು ಕಟ್ಟಿ ನೀರಿನ ಬಕೆಟ್ಟು ಹೊರಿಸುವುದು. ಸಂಜೆಯ ಮುಂದೆ ಕಡೇ ಆಟ. ಆಳೆತ್ತರದ ಬಂಡೆಯ ಮೇಲೆ ಒಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲಬೇಕು. ಕೆಳಗೆ ಎಂಟು ಮಂದಿ ಜಮಖಾನ ಬಿಗಿಹಿಡಿದು ನಿಲ್ಲುತ್ತಾರೆ. ಕೂಗು ಬಂದ ತಕ್ಷಣ ಹಾರಬೇಕು.

ಇಲ್ಲೇ ಹುಟ್ಟಿದ ಹುಡುಗಿಯರು. ಆಟಕ್ಕೆ ನಿಂತರೆ ಅವರ ಬಾಯಲ್ಲಿ ಬರುವುದು ಮರಾಠಿ. ‘ಉಡಿ!’ ಎಂದು ಕೂಗುತ್ತಿದ್ದರು. ನಾನು ಒಲೆಯ ಮುಂದಿಂದಲೇ ಕೇಳಿದೆ.

“ಯಾರ ಉಡಿ ತುಂಬಾಕತ್ತೀರೆ, ಹುಚ್ಚಿಗೋಳ್ರ್ಯಾ?”

ನಮ್ಮ ಕಡೆ ಉಡಿ ಎಂದರೆ ಸೀರೆಯ ಮಡಿಲು. ಮುತ್ತೈದೆಗೆ ಅದರಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಕಣ ಹಾಕಿ ಕಳಿಸುತ್ತೇವೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

“ಅಯ್ಯೋ ಮೌಶಿ! ಉಡಿ ಮ್ಹಣಜೆ ಹಾರೂದು!”

ಹನ್ನೊಂದು ಮಂದಿ ಹಾರಿದರು. ಶಾಲಿನಿ ಹಾರಲಿಲ್ಲ. ಧಾರವಾಡ ಕಡೆಯಿಂದ ಬಂದ ಗುಮಾಸ್ತರೊಬ್ಬರ ಒಬ್ಬಳೇ ಮಗಳು, ಕಡ್ಡಿಯಂಥ ಹುಡುಗಿ. ಮೂರು ಸಲ ಹತ್ತಿ ಮೂರು ಸಲ ಇಳಿದಳು.

“ಭಿತ್ರೀ! ಅಂಜುಬುರುಕಿ!” ಎಂದು ಕೆಳಗಿನವರು ಕುಣಿದರು.

“ಎಂತ ಮಾರಾಯ್ತಿ, ಎಂಟು ಜನ ಹಿಡ್ಕೊಂಡು ನಿಂತಿದ್ದಾರಲ್ಲ! ಇಷ್ಟೂ ಆಗದಿದ್ರೆ ನಿನ್ನನ್ನ ಲೀಡರ್ ಮಾಡುದು ಹೇಗೆ?” ಎಂದರು ಶೆಟ್ಟಿ ಸರ್.

ಅವಳು ನನ್ನ ಹತ್ತಿರ ಬಂದು ಕುಕ್ಕರಿಸಿದಳು.

“ನಕ್ಕೋತ ಹಿಡದಾರ ಮೌಶಿ.”

“ಹಂಗಾರ ಹಾರಬ್ಯಾಡ. ಬಟಾಟಿ ಸುಲಿ.”

ಸುಲಿದಳು. ಕಣ್ಣು ಮಾತ್ರ ಆ ಬಂಡೆಯ ಮೇಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಊಟಕ್ಕೆ ಕೂರಿಸಿದೆ. ಒಂದು ತಾಟು ಹಾಗೇ ಉಳಿಯಿತು. ಶಾಲಿನಿ ಇರಲಿಲ್ಲ.

ಸರ್ ಬ್ಯಾಟರಿ ಹಿಡಿದು ಸ್ಟೇಷನ್ ದಾರಿಯ ಕಡೆ ಓಡಿದರು. ಉಳಿದ ಹನ್ನೊಂದು ಹುಡುಗಿಯರಿಗೆ “ಜಾಗ ಬಿಟ್ಟು ಏಳಬ್ಯಾಡ್ರಿ, ಭಜನಿ ಹೇಳ್ರಿ, ನನಗ ಕೇಳಸ್ತಿರಬೇಕು” ಎಂದು ಹೇಳಿ ನಾನು ಕಂದೀಲು ತೆಗೆದುಕೊಂಡು ಗಣಿಯ ಕಡೆ ನಡೆದೆ.

ಬೇಸಿಗೆಯ ಶುರು. ಹುಲ್ಲು ಒಣಗಿ ಕಾಲಿಗೆ ಚುಚ್ಚುತ್ತಿತ್ತು. ಕೆಳಗೆ ದೂರದಲ್ಲಿ ಲೋಕಲ್ ಗಾಡಿಯೊಂದು ಹೋದ ಸದ್ದು. ಬೆನ್ನ ಹಿಂದೆ ಹುಡುಗಿಯರ ಭಜನೆ...

ನಾಲ್ಕು ಹೆಜ್ಜೆ ಇಟ್ಟಿರಬೇಕು. ಮೂಗಿಗೆ ವಾಸನೆ ಹೊಡೆಯಿತು. ಒದ್ದೆ ಕಂಬಳಿಯ ವಾಸನೆ. ಮಳೆ ಬಿದ್ದು ತಿಂಗಳುಗಳಾಗಿದ್ದವು. ಆ ಗುಡ್ಡದಲ್ಲಿ ಕುರಿಯೂ ಇರಲಿಲ್ಲ, ಕಂಬಳಿಯೂ ಇರಲಿಲ್ಲ.

ಆಮೇಲೆ ಸದ್ದು. ಫಟ್... ಫಟ್... ನಾಲ್ಕಾರು ಮಂದಿ ಬಟ್ಟೆ ಎಳೆದು ಬಿಗಿ ಮಾಡಿದ ಹಾಗೆ.

ಶಾಲಿನಿ ಗಣಿಯ ತುದಿಯಲ್ಲಿ ನಿಂತಿದ್ದಳು. ಕಣ್ಣಿಗೆ ಕರ್ಚೀಫು. ಎರಡೂ ಕೈ ಚಾಚಿದ್ದಳು. ಅದು ಆಳೆತ್ತರದ ಬಂಡೆಯಲ್ಲ, ಮೂರು ಮಾಳಿಗೆಯಷ್ಟು ಆಳ.

ಓಡಿದರೆ ಬೆಚ್ಚುತ್ತಾಳೆ ಎಂದು ಕಾಲು ತಡೆದೆ.

“ಶಾಲಿನಿ... ಅಲ್ಲೇ ನಿಂದರವಾ. ಅಳ್ಳಾಡಬ್ಯಾಡ.”

“ಮೌಶಿ?” ಅವಳು ತಿರುಗಲಿಲ್ಲ. ದನಿಯಲ್ಲಿ ಅಂಜಿಕೆಯಿರಲಿಲ್ಲ. “ಇಲ್ಲಿ ಹಿಡದಾರ ಮೌಶಿ. ಇವರು ನಗೂದಿಲ್ಲ.”

“ಯಾರವಾ ಇವರು?”

“ಗೊತ್ತಿಲ್ಲ. ಕರ್ಯಾಕತ್ತಾರ.”

ಆಗ ನನಗೂ ಕೇಳಿಸಿತು.

“ಉಡಿ... ಉಡಿ...”

ಕೆಳಗಿನಿಂದ. ಹೆಂಗಸರ ದನಿ, ಒಂದಲ್ಲ. ಎಳೆಯ ಹುಡುಗಿಯರದ್ದಲ್ಲ, ದಿನವಿಡೀ ದುಡಿದು ಗಂಟಲು ಒಣಗಿದವರ ದನಿ. ಹನ್ನೊಂದು ಹುಡುಗಿಯರ ಭಜನೆ ಬೆನ್ನ ಹಿಂದೆ ನಡೆದೇ ಇತ್ತು. ಕಂದೀಲು ಎತ್ತಿದೆ. ಬೆಳಕು ಕೆಳಗೆ ಮುಟ್ಟಲಿಲ್ಲ.

“ಉಡಿ...”

ಸಂಜೆ ಹುಡುಗಿಯರು ಹೇಳಿಕೊಟ್ಟ ಅರ್ಥ ನನಗೆ ನೆನಪೇ ಆಗಲಿಲ್ಲ. ಕಿವಿಗೆ ಬಿದ್ದದ್ದು ನಮ್ಮೂರಿನ ಮಾತು. ಆಸೆ ಉಳಿದು ಸತ್ತ ಹೆಂಗಸರು ಉಡಿ ಬೇಡುತ್ತಾರೆ, ತುಂಬುತ್ತೇವೆ ಎಂದು ಒಪ್ಪಿಕೊಂಡರೆ ಹಿಡಿದವರನ್ನು ಬಿಟ್ಟುಹೋಗುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಇನ್ನು ಮೂರು ಹೆಜ್ಜೆ ಇಟ್ಟರೆ ಹುಡುಗಿಯ ಜಡೆ ಕೈಗೆ ಸಿಗುತ್ತಿತ್ತು. ಆ ಮೂರು ಹೆಜ್ಜೆ ಇಡುವ ಬದಲು ನಾನು ಕೆಳಗಿನವರಿಗೆ ಕೂಗಿದೆ.

“ಉಡಿ ತುಂಬತೀನ್ರೆವ್ವಾ! ಇಕಿನ್ನ ಬಿಡ್ರಿ!”

ಮೊದಲ ಮಾತು ಬಾಯಿಂದ ಬಿದ್ದದ್ದೇ ತಡ... ತುದಿ ಖಾಲಿ.

ಚೀರಲಿಲ್ಲ. ಬಿದ್ದ ಸದ್ದು ಮಾತ್ರ ತಡವಾಗಿ ಬಂತು. ಬೀಳಲು ಬೇಕಾದ ಹೊತ್ತಿಗಿಂತ ತಡವಾಗಿ. ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಎಣಿಸಿದ್ದೇನೆ.

ಸರ್ ಬಂದರು. ರಸ್ತೆಯ ಚಹಾ ಅಂಗಡಿಯವನು ಬಂದ. ಸುತ್ತುಹಾಕಿ ಕೆಳಗಿಳಿದೆವು. ಬರೀ ಕಲ್ಲು. ಯಾರೂ ಇಲ್ಲ, ಬಟ್ಟೆಯ ಚೂರೂ ಇಲ್ಲ. ಹುಡುಗಿಗೆ ಉಸಿರಿತ್ತು. ಶೆಡ್ಡಿನ ಬಾಗಿಲ ಹಲಗೆಯ ಮೇಲೆ ಮಲಗಿಸಿದಾಗ ಚಹಾದವನು ನಾನು ಸೀರೆ ಉಟ್ಟ ರೀತಿ ನೋಡಿ ಮೆಲ್ಲಗೆ ಹೇಳಿದ.

“ಪೆಹಲೇ ಇಧರ್ ತುಮ್ಹಾರೇ ಮುಲುಕ್ ಕೀ ಔರತೇಂ ಪತ್ಥರ್ ತೋಡತೀ ಥೀಂ.”

ಮೊದಲು ನಿಮ್ಮ ಸೀಮೆಯ ಹೆಂಗಸರೇ ಇಲ್ಲಿ ಕಲ್ಲು ಒಡೆಯುತ್ತಿದ್ದರು ಎಂದ. ಅವರಿಗೇನಾಯಿತು ಎಂದು ಕೇಳಿದೆ. ಅವನು ಹಲಗೆಯ ಕಾಲಿನ ಕಡೆ ಹಿಡಿದು ಎತ್ತಿದ.

ಬೆನ್ನುಮೂಳೆ ಮುರಿದಿತ್ತು. ಶಾಲಿನಿ ಮತ್ತೆ ಎದ್ದು ನಿಲ್ಲಲಿಲ್ಲ. ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದು ಹೋದಳು. ಕತ್ತಲಲ್ಲಿ ಒಬ್ಬಳೇ ಅಭ್ಯಾಸ ಮಾಡಲು ಹೋಗಿ ಜಾರಿದಳು ಎಂದು ಎಲ್ಲರೂ ಒಪ್ಪಿದರು. ಶೆಟ್ಟಿ ಸರ್ ಕೆಲಸ ಬಿಟ್ಟು ಊರಿಗೆ ಹೋದರು. ನಾನು ಕೂಗಿದ್ದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಟು ದಿನದ ಮೇಲೆ ಥಾಣೆ ಊರಿನ ಆಸ್ಪತ್ರೆಗೆ ಹೋದೆ. ಅವಳ ತಾಯಿ ಚಹಾ ತರಲು ಹೊರಗೆ ಹೋದಾಗ ಹುಡುಗಿ ನನ್ನ ಕಡೆ ಮುಖ ಹೊರಳಿಸಿದಳು.

“ಅವರು ಭಾಳ ಹೊತ್ತು ಕರದ್ರು ಮೌಶಿ. ನಾ ಹಾರಲಿಲ್ಲ.”

ನಾನು ಅವಳ ಹೊದಿಕೆ ಸರಿಮಾಡಿದೆ.

“ನೀ ಉಡಿ ಅಂದಿ. ನಿನ್ನ ದನಿ ಅಂತ ಹಾರಿದೆ.”

ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

“ಕೆಳಗ ಖರೇನ ಕಂಬಳಿ ಇತ್ತು. ಹಸಿ ಇತ್ತು. ಅದರಾಗ ಬಿದ್ದೆ. ಏನೂ ನೋವಾಗಲಿಲ್ಲ... ಸುತ್ತೂ ನಿಂತು ನನ್ನ ಮಾರಿ ನೋಡಿದ್ರು. ‘ತುಂಬಿತು’ ಅಂದ್ರು. ಆಮ್ಯಾಲೆ ಕೈ ಬಿಟ್ರು.”

ತಾಯಿಯ ಚಪ್ಪಲಿ ಸದ್ದು ವರಾಂಡದಲ್ಲಿ ಕೇಳಿತು. ಹುಡುಗಿ ನನ್ನ ಬೆರಳು ಹಿಡಿದು ಗಡಿಬಿಡಿಯಲ್ಲಿ ಕೇಳಿದಳು.

“ಏನು ತುಂಬಿತು ಮೌಶಿ?”

“ನನಗೇನ್ ಗೊತ್ತವಾ,” ಎಂದೆ.