ಜೀಪಿನ ಕೆಮ್ಮು, ರೇವವ್ವನ ಕಿವಿ

ಹೊರ್ತಿಯ ರೇವವ್ವ ಇಂಡಿ ಪಟ್ಟಣದ ಗ್ಯಾರೇಜಿಗೆ ಕಾಲಿಟ್ಟದ್ದೇ ತಡ, ಮೇಸ್ತ್ರಿ ಮುಕ್ತಾರನ ಮೇಲೆ ಹರಿಹಾಯ್ದಳು.

"ಎರಡು ಸಲ ಜೀಪು ರಿಪೇರಿ ಮಾಡಿಕೊಟ್ಟಿ. ಮತ್ತ ಹೊಗಿ ಒಳಗ ಬರಾಕತ್ತೈತಿ. ಮೊನ್ನೆ ಮರಿಗೋಳು ಕುತ್ತಿಗಿ ಚೆಲ್ಲಿದ್ವು. ಒಂದು ಏಳಲೇ ಇಲ್ಲೋ ಅಣ್ಣಾ!"

ಬೇಸಿಗೆ ಬಂತೆಂದರೆ ಅವಳ ಕುರಿಹಿಂಡು ಮೇವು ಹುಡುಕುತ್ತ ತಂಗಡಗಿಯ ಹೊಳೆದಂಡೆಗೆ ನಡೆಯುತ್ತದೆ. ನಡೆಯಲಾರದ ಎಳೆಮರಿಗಳಿಗೆ ಮಗ ಮಾಳಿಂಗನ ಹಳೇ ಜೀಪೇ ಗತಿ. ಅವು ಮೊದಲ ಸಲ ತೂಕಡಿಸಿದಾಗ ದೃಷ್ಟಿಯಾಗಿದೆ ಎಂದುಕೊಂಡ ರೇವವ್ವ, ಕೊರಳಿಗೆಲ್ಲ ಕರಿಕಂಬಳಿಯ ನೂಲು ಕಟ್ಟಿ, ಯಾರ ಕಣ್ಣೂ ಬೀಳದಂತೆ ತಾಡಪತ್ರಿಯನ್ನು ಜೀಪಿನ ಸುತ್ತಲೂ ಬಿಗಿದಿದ್ದಳು. ಪಾಪ, ಹೊಗೆಯನ್ನು ತಾನೇ ಒಳಗೆ ಕೂಡಿಹಾಕಿದ್ದಳು!

ಇಂಜಿನ್ನಿನ ಹೊಗೆಬಾಯಿಗೆ ಸೈಲೆನ್ಸರ್ ಪೈಪು ಕೂಡುವ ಕಡೆ ಸೋರುತ್ತಿದೆ ಎಂದು ಮುಕ್ತಾರನಿಗೆ ಗೊತ್ತಿತ್ತು. ಯಾವ ಮೂಲೆಯಲ್ಲಿ ಎಂಬುದು ಮಾತ್ರ ಕೇಳಿಸುತ್ತಿರಲಿಲ್ಲ. ಕಿವಿಗೊಟ್ಟರೆ ಸಾಕು, ಗಾಡಿಯ ರೋಗ ಹೇಳುತ್ತಾನೆ ಎಂದು ಸಿಂದಗಿಯವರೆಗೂ ಹೆಸರು ಮಾಡಿದವನು! ಈಗ ಮಾತು ಕೇಳುತ್ತಿತ್ತು, ಸಣ್ಣ ಸದ್ದುಗಳು ಕೇಳುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗ್ಯಾರೇಜಿಗೆ ಯಾರು ಬರುತ್ತಾರೆ? ಹೇಳದಿದ್ದರೆ ಇನ್ನಷ್ಟು ಮರಿಗಳು ಸಾಯುತ್ತವೆ.

ಹಿಂದಿನ ದಿನವೇ ಮಾಳಿಂಗ ಬಿಟ್ಟುಹೋಗಿದ್ದ ಜೀಪು ತಣ್ಣಗೆ ನಿಂತಿತ್ತು. ಮುಕ್ತಾರ ಅದನ್ನು ಚಾಲೂ ಮಾಡಿ, ರೂಢಿಯಂತೆ ತಲೆ ಬಾಗಿಸಿ, ಕೇಳುವವನಂತೆ ನಿಂತ. ರೇವವ್ವ ಅವನನ್ನೇ ನೋಡಿದಳು. ಹಿಂಡಿನಲ್ಲಿ ಯಾವುದು ಕುಂಟುತ್ತಿದೆ ಎಂದು ಹುಡುಕುವ ಕಣ್ಣು ಅದು.

"ಸರಿ ಅತ್ಲಾಗ," ಎಂದು ಅವಳು ಕಣ್ಣು ಮುಚ್ಚಿ ಬಗ್ಗಿದಳು. "ಹಿಂದಿನ ಬೋಲ್ಟಿನ ಬುಡಕ್ಕ ನೋಡು. ತುಸ್ ತುಸ್ ಅನ್ನಾಕತ್ತೈತಿ, ಮರಿಗಿ ಕಫ ಕಟ್ಟಿದಂಗ."

ಮುಕ್ತಾರ ಅಲ್ಲಿಗೆ ಸಾಬೂನು ನೀರು ಹಾಕಿದ. ಅವಳು ಹೇಳಿದ ಜಾಗದಲ್ಲೇ ಬುಳುಬುಳು ಗುಳ್ಳೆ ಎದ್ದವು. ಅಬ್ಬಬ್ಬಾ! ಇಡೀ ಹಿಂಡು ಒದರುವಾಗಲೂ ಕೆಮ್ಮುವ ಮರಿಯನ್ನು ಹೆಕ್ಕುವ ಕಿವಿ, ಇಂಜಿನ್ನಿನ ಈ ಗದ್ದಲದಲ್ಲಿ ಇಷ್ಟೇ ಇಷ್ಟು ಉಸಿರನ್ನು ಹಿಡಿದಿತ್ತು.

ಪೈಪು ಬಿಚ್ಚಿದರೆ ಆ ಮೂಲೆಯಲ್ಲಿ ಸಂದು ಮುಚ್ಚುವ ಹಳೇ ಪ್ಯಾಕಿಂಗಿನ ಚೂರು ಅಂಟಿಕೊಂಡೇ ಇತ್ತು. ಹಿಂದೆ ಎರಡು ಸಲವೂ ಮುಕ್ತಾರ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದ. ಈ ಸಲ ಕೆರೆದು, ಉಜ್ಜಿ, ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನೆಲ್ಲ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದ. ಮತ್ತೆ ಚಾಲೂ ಮಾಡಿ, ಅವಳ ಮುಖವನ್ನೇ ನೋಡಿದ.

"ಈಗ ಆರಾಮ ಉಸರಾಡಾಕತ್ತೈತಿ."

"ಅಕ್ಕಾ, ನನ್ನ ಕಿವಿ..." ಎಂದು ಮುಕ್ತಾರ ಶುರುಮಾಡಿದ.

"ಗೊತ್ತಾತು ಬಿಡೋ. ನನಗ ಮೊದಲಽ ಹೇಳಿದ್ರ ಒಂದು ಮರಿ ಉಳೀತಿತ್ತು," ಎಂದು ಬೈದಳು. ಆಮೇಲೆ ತಾನೇ ತಾಡಪತ್ರಿ ಬಿಚ್ಚಿ ಮಡಚಿದಳು. "ಮುಂದ ಯಾವ ಗಾಡಿ ಕೆಮ್ಮಿದ್ರೂ ಹೇಳಿ ಕಳಸು. ಬರ್ತೇನಿ."

ಮರುದಿನ ಸಂಜೆ ತಂಗಡಗಿಯಿಂದ ಫೋನು ಬಂತು. ರೇವವ್ವ ಫೋನನ್ನು ಜೀಪಿನ ಹಿಂಬದಿಗೆ ಹಿಡಿದಿದ್ದಳು. ಮರಿಗಳೆಲ್ಲ ಹಸಿದು ಒಂದೇ ಸಮನೆ ಒದರುತ್ತಿದ್ದವು.

"ಕೇಳಿಸ್ತೇನೋ ಅಣ್ಣಾ?"

"ಕೇಳಿಸ್ತಕ್ಕಾ," ಎಂದ ಮುಕ್ತಾರ ಕಣ್ಣೊರೆಸಿಕೊಳ್ಳುತ್ತ. "ಎಲ್ಲಾ ಕೇಳಿಸಾಕತ್ತಾವು."