ಮಾರ್ಚ್ ತಿಂಗಳ ತಾತ

ದಿನವೂ ಬೆಳಗ್ಗೆ ಏಳು ಗಂಟೆಗೆ ಚಿಕ್ಕಬಳ್ಳಾಪುರದ ನಮ್ಮ ಕಚೇರಿಯಿಂದ ಶಿಡ್ಲಘಟ್ಟಕ್ಕೆ ಮೊಟ್ಟೆ ವ್ಯಾನು ಹೊರಡುತ್ತಿತ್ತು. ಪ್ರತಿ ತಿಂಗಳ ಮೊದಲ ದಿನ ಆ ಹೊತ್ತಿಗೆ ನಾನು ಗೇಟಿನ ಬಳಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ಚಿಂತಾಮಣಿ ಕಡೆಯ ನಮ್ಮ ಡ್ರೈವರ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತನ್ನ ಪಕ್ಕದ ಸೀಟಿನ ಮೇಲಿಡುತ್ತಿದ್ದ. ಹಿಂದುಗಡೆ ತೂತಿನ ಪೆಟ್ಟಿಗೆಗಳಲ್ಲಿ ಹಾಳೆಹಾಳೆ ರೇಷ್ಮೆ ಮೊಟ್ಟೆ, ಮುಂದುಗಡೆ ನನ್ನ ಡಬ್ಬಿ.

"ತಾತ ಹತ್ತಿದ್ರು ಮೇಡಮ್ಮ. ಬೆಲ್ಟ್ ಹಾಕ್ಲಾ?"

ತಿಂಗಳಿಗೊಮ್ಮೆ ಅವನು ಇದೇ ಮಾತು ಹೇಳುತ್ತಿದ್ದ, ಪ್ರತಿ ಸಲವೂ ನಾನು ನಗುತ್ತಿದ್ದೆ. ಬೇರೆ ಮಾತು ನಮ್ಮಿಬ್ಬರ ನಡುವೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಡಬ್ಬಿಯೊಳಗೆ ಇರುತ್ತಿದ್ದುದು ಒಂದು ಟೇಪು. ನಮ್ಮದು ರೇಷ್ಮೆ ಮೊಟ್ಟೆ ತಯಾರಿಸಿ ಮಾರುವ ಖಾಸಗಿ ಸಂಸ್ಥೆ. ಮುಖ್ಯ ಕಚೇರಿ ಚಿಕ್ಕಬಳ್ಳಾಪುರದಲ್ಲಿ, ತಳಿ ವಿಭಾಗ ಗೌರಿಬಿದನೂರಿನಲ್ಲಿ, ಮಾರಾಟದ ಕಚೇರಿ ಚಿಂತಾಮಣಿಯಲ್ಲಿ. ಶಿಡ್ಲಘಟ್ಟದಲ್ಲಿದ್ದುದು ಚಾಕಿ ಕೇಂದ್ರ, ಅಂದರೆ ಮೊಟ್ಟೆಯೊಡೆದ ಮರಿಹುಳಗಳನ್ನು ಹತ್ತು ದಿನ ಸಾಕಿ ರೈತರಿಗೆ ಕೊಡುವ ಜಾಗ. ನಾಲ್ಕೂ ಊರಿನ ಲೆಕ್ಕಪತ್ರ, ಕಡತ ಎಲ್ಲವೂ ಸಂಜೆ ಫೋನ್ ತಂತಿಯ ಮೇಲೆ ಚಿಕ್ಕಬಳ್ಳಾಪುರದ ಸರ್ವರ್ ಕಂಪ್ಯೂಟರಿಗೆ ಬರುತ್ತಿದ್ದವು. ಅವುಗಳ ನಕಲನ್ನು ಟೇಪಿಗೆ ಇಳಿಸಿ ಕಾಪಾಡುವುದು ನನ್ನ ಕೆಲಸ. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿತ್ತು. ದಿನವೂ ಪೆರೇಸಂದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಏನು ಕೆಲಸವೇ ನಿಂದು ಎಂದು ಅಮ್ಮ ಕೇಳಿದಾಗ, "ಇರೋದನ್ನೇ ಇನ್ನೊಂದು ಸಲ ಇಟ್ಕೊಳ್ಳೋದು" ಎಂದಿದ್ದೆ. ಉಪ್ಪಿನಕಾಯಿ ಭರಣಿ ಎರಡು ಇಟ್ಟುಕೊಂಡಿದ್ದ ಅಮ್ಮನಿಗೆ ಅದು ಕೂಡಲೇ ಅರ್ಥವಾಯಿತು.

ಟೇಪುಗಳಲ್ಲಿ ಮೂರು ತಲೆಮಾರು. ಸೋಮವಾರದಿಂದ ಗುರುವಾರದವರೆಗಿನವು ಮಕ್ಕಳು. ಮುಂದಿನ ವಾರ ಅವುಗಳ ಮೇಲೆಯೇ ಹೊಸದನ್ನು ಬರೆಯುತ್ತೇವೆ. ಶುಕ್ರವಾರದ್ದು ಅಪ್ಪ, ಅದರ ಆಯಸ್ಸು ಒಂದು ತಿಂಗಳು. ತಿಂಗಳ ಕೊನೆಯದು ತಾತ. ಅದನ್ನು ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ಇದು ನಾನು ಕಟ್ಟಿದ್ದಲ್ಲ, ಈ ಕೆಲಸದವರು ಎಲ್ಲೆಡೆ ಹೇಳುವ ಮಾತು. ಆದರೆ ನಮ್ಮ ಕಚೇರಿಯಲ್ಲಿ ಒಂದು ಸಲ ಬಾಯಿಬಿಟ್ಟದ್ದೇ ತಡ, ಎಲ್ಲರ ಬಾಯಲ್ಲೂ ತಾತನದ್ದೇ ಸುದ್ದಿ. ಕಚೇರಿಗೇ ಬೆಂಕಿ ಬಿದ್ದರೂ ತಾತ ಉಳಿಯಬೇಕಲ್ಲ, ಅದಕ್ಕೇ ಅವನ ವಾಸ ಶಿಡ್ಲಘಟ್ಟದಲ್ಲಿ.

ಅಲ್ಲಿನ ಚಾಕಿ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಐವತ್ತರ ಆಸುಪಾಸಿನ, ತೆಲುಗು ಮನೆಮಾತಿನ ಹೆಂಗಸು. ಕೋಣೆಯೊಳಗೆ ಕಾಲಿಟ್ಟರೆ ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ಮೊಣಕೈಯಿಂದ ಹೇಳಬಲ್ಲವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹೋಗಿ, ಮರದ ಪೆಟ್ಟಿಗೆಯೊಂದನ್ನು ಅವರ ಮೇಜಿನ ಕೆಳಗಿಡಿಸಿ, ಧೂಳು ಬೀಳಬಾರದು, ಬಿಸಿಲು ತಾಗಬಾರದು, ಏನೇ ಆದರೂ ಬಿಸಿಯಾಗಬಾರದು ಎಂದು ಹೇಳಿ ಬಂದಿದ್ದೆ. ಆಮೇಲೆ ಪ್ರತಿ ತಿಂಗಳೂ ವ್ಯಾನಿನಲ್ಲಿ ವಾಪಸಾಗುವ ಪುಸ್ತಕದಲ್ಲಿ "ಸರಿ ಇದೆ" ಎಂದು ಬರೆದು ಅಕ್ಕ ಸಹಿ ಹಾಕುತ್ತಿದ್ದರು. ಅದರ ಕೆಳಗೆ ನಾನೂ ಸಹಿ ಹಾಕುತ್ತಿದ್ದೆ.

ಮೇ ಕೊನೆಯ ವಾರ ಗೌರಿಬಿದನೂರಿನಿಂದ ಫೋನು ಬಂತು. ತಳಿ ವಿಭಾಗದ ಮುಖ್ಯಸ್ಥರು. ಮುಂದಿನ ತಿಂಗಳು ನಿವೃತ್ತರಾಗಲಿದ್ದವರು. ಮಾತು ಅಳೆದು ಆಡುವವರು; ಅವರು ಫೋನು ಮಾಡಿದ್ದೇ ನನಗೆ ಭಯ.

"ಏನಮ್ಮ, ನಿಮ್ಮ ಹತ್ರ ತಾತ ಅಂತ ಯಾರೋ ಇದಾರಂತೆ."

"ಇದಾರೆ ಸಾರ್."

"ಅವರಿಗೆ ಎಷ್ಟು ಹಿಂದಿಂದು ಜ್ಞಾಪಕ ಇರತ್ತೆ?"

ನಿಧಾನವಾಗಿ ವಿಷಯ ಹೊರಬಂತು. ಕೆಲಸ ಬಿಟ್ಟುಕೊಡುವ ಮುನ್ನ ಕಂಪ್ಯೂಟರು ಚೊಕ್ಕಟ ಮಾಡಬೇಕೆಂದು ಏಪ್ರಿಲ್ ಮೊದಲ ವಾರ ಕೂತು ಹಳೆಯ ಕಡತಗಳನ್ನೆಲ್ಲ ಅಳಿಸಿದ್ದರು. ಅದರಲ್ಲಿ ಅಳಿಸಬಾರದ್ದೂ ಒಂದು ಹೋಗಿತ್ತು: ಬೇಸಿಗೆ ತಡೆಯುವ ಒಂದು ತಳಿಯ ಆರು ವರ್ಷದ ದಾಖಲೆ. ಯಾವ ಚಿಟ್ಟೆ ಯಾವ ತಾಯಿಯದು, ಯಾವುದರ ಮೊಟ್ಟೆ ಎಷ್ಟು ಒಡೆಯಿತು, ಗೂಡು ಎಷ್ಟು ತೂಗಿತು, ಯಾವುದಕ್ಕೆ ಗಂಟುರೋಗ ಬಂತು, ಎಲ್ಲ. ಕಾಗದದ ಮೇಲೆ ಅದು ಎಲ್ಲೂ ಇರಲಿಲ್ಲ. ಹುಳದ ಮನೆಯೊಳಗೆ ಹೋದ ಕಾಗದ ರೋಗ ಹೊತ್ತು ಬರಬಾರದೆಂದು ಪ್ರತಿ ಬೆಳೆ ಮುಗಿದ ಮೇಲೆ ಅದನ್ನು ಸುಡುವುದು ಅಲ್ಲಿನ ಪದ್ಧತಿ. ಕಂಪ್ಯೂಟರಿಗೆ ಏರಿಸಿ, ಬರೆದ ಪುಸ್ತಕವನ್ನು ತಾವೇ ಬೆಂಕಿಗೆ ಹಾಕುತ್ತಿದ್ದರು.

"ಹುಳ ಇದೆ ಕಣಮ್ಮ. ತಟ್ಟೇಲಿ ಚೆನ್ನಾಗೇ ಮೇಯ್ತಾ ಇದೆ. ಅದರ ವಂಶ ಮಾತ್ರ ಇಲ್ಲ. ನನ್ನ ಜಾಗಕ್ಕೆ ಬರೋ ಹುಡುಗಿಗೆ ಏನಂತ ಕೊಡ್ಲಿ?"

ಮಕ್ಕಳ ಮೇಲೆ ಆಗಲೇ ಏಳು ಸಲ ಬರೆದಾಗಿತ್ತು. ಅಪ್ಪಂದಿರ ಮೇಲೂ ಬರೆದಾಗಿತ್ತು. ಏಪ್ರಿಲ್ ತಾತ ಹುಟ್ಟುವ ಹೊತ್ತಿಗೆ ಕಡತವೇ ಇರಲಿಲ್ಲ. ಆರೂ ವರ್ಷ ಪೂರ್ತಿ ಇರಬಹುದಾದದ್ದು ಮಾರ್ಚ್ ತಾತನಲ್ಲಿ ಮಾತ್ರ.

"ಮಾರ್ಚ್‌ದ್ರಲ್ಲಿ ಇರ್ಬೇಕು ಸಾರ್."

"ಇರ್ಬೇಕಾ, ಇದೆಯಾ?"

ಬರೆದು ಮುಗಿದ ಟೇಪು ಸರಿಯಿದೆ ಎಂದು ಸಾಫ್ಟ್‌ವೇರ್ ಹೇಳುತ್ತಿತ್ತು, ಅಕ್ಕ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆದರೆ ಶಿಡ್ಲಘಟ್ಟಕ್ಕೆ ಹೋದ ಒಬ್ಬ ತಾತನನ್ನೂ ನಾನು ಎರಡು ವರ್ಷದಲ್ಲಿ ಒಮ್ಮೆಯೂ ಓದಿಸಿ ನೋಡಿರಲಿಲ್ಲ. ಇದು ನನ್ನೊಬ್ಬಳಿಗೇ ಗೊತ್ತಿದ್ದ ವಿಷಯ.

ಮರುದಿನ ಮೊಟ್ಟೆ ವ್ಯಾನಿನಲ್ಲಿ ತಾತ ಕೂರುವ ಸೀಟಿನಲ್ಲಿ ನಾನು ಕೂತೆ. ಡ್ರೈವರ್ ಒಮ್ಮೆ ನನ್ನ ಮುಖ ನೋಡಿ, ಬೆಲ್ಟಿನ ಮಾತು ಎತ್ತಲಿಲ್ಲ.

ಅಕ್ಕನ ಕಚೇರಿ ಎಂದರೆ ತಗಡಿನ ಚಾವಣಿಯ ಒಂದು ಸಣ್ಣ ಕೋಣೆ. ಕರೆಂಟು ಹೋಗಿತ್ತು. ಮೇಜಿನ ಕೆಳಗೆ ನನ್ನ ಪೆಟ್ಟಿಗೆ. ಅದರ ಮೇಲೆ ಎರಡು ಮಡಿಕೆಯ ಗೋಣಿಚೀಲ. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕ, ಇದೇನು?"

"ಗೋಣಿ ಅಮ್ಮಾಯಿ." ಅವರ ಮುಖದಲ್ಲಿ ಹೆಮ್ಮೆಯಿತ್ತು. "ಬಿಸಿ ತಾಗ್ಬಾರ್ದು ಅಂದಿದ್ದೆಯಲ್ಲ. ಈ ಬೇಸ್ಗೇಲಿ ತಗಡು ಎಂಗೆ ಕಾಯ್ತದೆ ಗೊತ್ತಾ? ಕರೆಂಟು ನೋಡಿದ್ರೆ ಇಲ್ಲ. ಹುಳದ ಕೋಣೆ ಗೋಣಿ ದಿನಾ ಎರಡು ಸಲಿ ನೆನಸ್ತೀವಿ. ನಿಮ್ ತಾತಂಗೆ ಮೂರು ಸಲಿ."

ಒದ್ದೆಯಾಗಬಾರದು ಎಂದು ನಾನು ಹೇಳಿರಲೇ ಇಲ್ಲ. ಬದುಕಬೇಕಾದ ವಸ್ತುವನ್ನು ತಣ್ಣಗಿಡಲು ಆ ಮನೆಯಲ್ಲಿ ಇದ್ದದ್ದು ಒಂದೇ ದಾರಿ, ಅದನ್ನು ಅವರು ಮನಸ್ಸಿಟ್ಟು ಮಾಡಿದ್ದರು. ಪೆಟ್ಟಿಗೆ ತೆಗೆದೆ. ಡಬ್ಬಿಗಳ ಒಳಮೈಯಲ್ಲಿ ಸಣ್ಣ ಹನಿಗಳು. ನಾನು ಅಷ್ಟು ಚೆಂದಕ್ಕೆ ಬರೆದಂಟಿಸಿದ್ದ ಚೀಟಿಗಳು ಸುರುಳಿ ಸುತ್ತಿಕೊಂಡಿದ್ದವು. ಮಾರ್ಚ್ ತಾತನನ್ನು ಬೆಳಕಿಗೆ ಹಿಡಿದೆ. ಸುರುಳಿಯ ಅಂಚಿನಲ್ಲಿ ಮಂಜು ಕಟ್ಟಿತ್ತು.

ಒದ್ದೆ ಟೇಪನ್ನು ಯಂತ್ರಕ್ಕೆ ಹಾಕಿದರೆ ಅಂಟಿಕೊಂಡು ಹರಿಯುತ್ತದೆ, ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ಗೌರಿಬಿದನೂರಿನ ಸಾರ್ ಅವರ ಆರು ವರ್ಷದ ಕೆಲಸ ಇದರೊಳಗಿದೆ ಎಂದು ಅಕ್ಕನಿಗೆ ಹೇಳಿದೆ.

ಅಕ್ಕ ಗೋಣಿಯನ್ನು ಎತ್ತಿ ಅಂಗಳಕ್ಕೆ ಎಸೆದರು.

"ನೆನ್ಸಿದ್ದು ನಾನೇ, ಒಣಗ್ಸೋದೂ ನಾನೇ. ಹುಳ ಜ್ವರಕ್ಕೆ ಹೋದಾಗ ಹಾಸಿಗೆ ಎಂಗೆ ಒಣಗಿಸ್ತೀವಿ ಅಂತ ನೋಡಿದ್ದೀಯಾ?"

ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಒಂದು ದಿನ ತಲೆಯೆತ್ತಿ ಸುಮ್ಮನಿರುತ್ತದೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಎರಚುತ್ತಾರೆ.

"ಅಕ್ಕ, ಪುಡಿ ಬೇಡ! ಒಂದು ಕಣ ಒಳಗೆ ಹೋದ್ರೂ ಮುಗೀತು."

"ಪುಡಿ ಯಾರು ಹಾಕ್ತಾರೆ? ನಂಗೇನು ಬುದ್ಧಿ ಇಲ್ವಾ? ಗಟ್ಟಿ ಸುಣ್ಣ, ನೀರು ಕಾಣದ್ದು. ಅದು ಸುತ್ತಲ ತೇವನೆಲ್ಲ ತಾನೇ ಕುಡೀತದೆ."

ಪಕ್ಕದಲ್ಲೇ ಇದ್ದ ಅವರ ಮನೆಯಿಂದ ಸ್ಟೀಲಿನ ರಾಗಿ ಡ್ರಮ್ಮು ಬಂತು. ರಾಗಿಯೆಲ್ಲ ನಡುಮನೆಯಲ್ಲಿ ಸೀರೆಯೊಂದರ ಮೇಲೆ ರಾಶಿಯಾಯಿತು. ಡ್ರಮ್ಮನ್ನು ಮೂರು ಸಲ ಒರೆಸಿದೆ. ಅಕ್ಕ ನಗುತ್ತಾ ನೋಡುತ್ತಿದ್ದರು. ಸುಣ್ಣದ ಗಟ್ಟಿಗಳನ್ನು ಹಳೆಯ ಪಂಚೆಯಲ್ಲಿ ನಾಲ್ಕು ಸುತ್ತು ಸುತ್ತಿ ತಳದಲ್ಲಿಟ್ಟರು. ಅದರ ಮೇಲೆ ಒಂದು ಜರಡಿ, ಜರಡಿಯ ಮೇಲೆ ಡಬ್ಬಿ ಬಿಚ್ಚಿದ ಹನ್ನೆರಡು ತಾತಂದಿರು ಸಾಲಾಗಿ ನಿಂತರು. ಹುಳದ ಕೋಣೆಯ ಗೋಡೆಯಲ್ಲಿದ್ದ, ಗಡಿಯಾರದಂತೆ ಮುಳ್ಳಿರುವ ತೇವಮಾಪಕವನ್ನೂ ಕಿತ್ತು ಒಳಗಿಟ್ಟರು.

"ಇದು ಬೇಡ ಅಕ್ಕ, ನಿಮಗೆ ಬೇಕಲ್ಲ."

"ನಂಗ್ಯಾಕೆ? ನಂಗೆ ಮೊಣಕೈ ಇದೆ."

ವ್ಯಾನಿನಲ್ಲಿ ಡ್ರಮ್ಮನ್ನು ಕಾಲ ನಡುವೆ ಹಿಡಿದು ವಾಪಸು ಬಂದೆ. ಡ್ರೈವರ್ ಪ್ರತಿ ಗುಂಡಿಗೂ ಬ್ರೇಕು ಹಾಕಿದ. ಒಂದು ಕಡೆ ಮಾತ್ರ ತಡೆಯಲಾರದೆ, "ಒಬ್ರನ್ನ ಬಿಟ್ ಬರ್ತಿದ್ದೆ, ಈಗ ಊರಿನ ತಾತಂದಿರ್ನೆಲ್ಲ ತಂದಂಗಾಯ್ತು" ಎಂದ.

ಡ್ರಮ್ಮು ಸರ್ವರ್ ಕೋಣೆಯಲ್ಲಿ ಮೂರು ದಿನ ಕೂತಿತು. ಭಾನುವಾರವೂ ಬಿಡದೆ ದಿನಕ್ಕೆರಡು ಸಲ ಮಾತ್ರ ಮುಚ್ಚಳ ತೆಗೆದು ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದೆ. ಹನ್ನೊಂದಕ್ಕೆ ಸರಿಯಾಗಿ ಗೌರಿಬಿದನೂರಿನ ಫೋನು.

"ಒಣಗ್ತಾ?"

"ಇನ್ನೂ ಇಲ್ಲ ಸಾರ್."

"ಹುಳದ ಹಾಸಿಗೆಗಾದ್ರೆ ಒಂದು ದಿನ ಸಾಕು."

"ಇದು ಹುಳ ಅಲ್ಲ ಸಾರ್."

"ಹೌದಲ್ವಾ" ಎಂದು ಇಟ್ಟುಬಿಡುತ್ತಿದ್ದರು.

ಮೂರನೆಯ ದಿನ ಸಂಜೆ ಮುಳ್ಳು ನಮ್ಮ ಕೋಣೆಯ ಹವೆಗಿಂತ ಕೆಳಗೆ ಬಂದು ನಿಂತಿತು. ನಾಲ್ಕನೆಯ ದಿನ ಬೆಳಗ್ಗೆ ನಾನು ಬರುವ ಮುಂಚೆಯೇ ಸಾರ್ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲಿ ಊಟದ ಡಬ್ಬಿ, ಹೆಗಲ ಮೇಲೆ ಸ್ವೆಟರು. ಸರ್ವರ್ ಕೋಣೆ ತಣ್ಣಗಿರುತ್ತದೆ ಎಂದು ಯಾರೋ ಹೇಳಿದ್ದರಂತೆ.

ಮೊದಲು ಏಪ್ರಿಲ್ ತಾತನನ್ನು ಯಂತ್ರಕ್ಕೆ ಹಾಕಿದೆ. ಅದರಲ್ಲಿ ನಮಗೆ ಬೇಕಾದ್ದು ಏನೂ ಇರಲಿಲ್ಲ. ಹರಿದರೆ ಅದು ಹರಿಯಲಿ. ಸಾರ್ ಅದನ್ನು ಕೇಳಿ ತಲೆದೂಗಿದರು. ಅವರೂ ಹೊಸ ಔಷಧವನ್ನು ಮೊದಲು ಬೇಡದ ಹುಳದ ಮೇಲೆ ನೋಡುವವರು. ಏಪ್ರಿಲ್ ತಾತ ಎರಡು ಸಲ ತಡವರಿಸಿ, ಕೊನೆಯವರೆಗೆ ಓದಿದ.

ಆಮೇಲೆ ಮಾರ್ಚ್. ಯಂತ್ರ ಅದನ್ನು ಒಳಗೆಳೆದುಕೊಂಡಿತು. ಸದ್ದು ಶುರುವಾಯಿತು, ನಿಂತಿತು, ಹಿಂದಕ್ಕೆ ಸುತ್ತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ನಾನು ಪರದೆಯನ್ನೇ ನೋಡುತ್ತಿದ್ದೆ. ಸಾರ್ ಪರದೆಗೆ ಬೆನ್ನು ಮಾಡಿ, ಯಂತ್ರದ ಹತ್ತಿರ ಸ್ಟೂಲು ಎಳೆದುಕೊಂಡು, ಕಿವಿ ಕೊಟ್ಟು ಕೂತಿದ್ದರು. ಐದಾರು ಸಲ ಹೀಗಾದ ಮೇಲೆ ಸದ್ದು ಒಂದೇ ಸಮನಾಯಿತು.

"ಈಗ ಮೇಯ್ತಾ ಇದೆ" ಎಂದರು.

ಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಬರತೊಡಗಿದವು. ಅವರು ಹೇಳಿದ್ದು ಸರಿಯಾಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಆರೂ ವರ್ಷ ಬಂದಿತ್ತು. ಕಡತ ತೆರೆದುಕೊಟ್ಟೆ. ಸಾರ್ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದರು. ಸುಮಾರು ಹೊತ್ತಿನ ಮೇಲೆ ಒಂದು ಕಡೆ ಬೆರಳು ನಿಂತಿತು. "ಇವಳು ಭಾರೀ ಗಟ್ಟಿಗಿತ್ತಿ" ಎಂದರು, ಒಂದು ಅಂಕಿಯನ್ನು ತೋರಿಸಿ. "ಆ ವರ್ಷದ ಬಿಸಿಲಲ್ಲಿ ಉಳಿದ ಒಬ್ಬಳೇ ತಾಯಿ. ಈಗಿರೋರೆಲ್ಲ ಇವಳ ಮಕ್ಕಳು." ಸ್ವೆಟರಿನ ತೋಳಿನಿಂದ ಕನ್ನಡಕ ಒರೆಸಿಕೊಂಡರು.

ನಾನು ಶಿಡ್ಲಘಟ್ಟಕ್ಕೆ ಫೋನು ಮಾಡಿದೆ. ಸಿಕ್ಕಿತು ಎಂದದ್ದಕ್ಕೆ ಅಕ್ಕ, "ನನ್ ರಾಗಿ ಡ್ರಮ್ಮು ಯಾವಾಗ ಕಳಿಸ್ತೀಯಾ?" ಎಂದರು. ಆಮೇಲೆ, ನಾನು ಕೇಳದೆಯೇ, "ಅಮ್ಮಾಯಿ, ಮನೇಲಿ ತಾತ ಅಂತ ಇದ್ರೆ ಆಗಾಗ ಮಾತಾಡಿಸ್ಬೇಕು. ಮೂಲೇಲಿ ಕೂರ್ಸಿ, ಸರಿ ಇದೆ ಸರಿ ಇದೆ ಅಂತ ಬರ್ಕೊಂಡ್ರೆ? ನಾನೂ ಬರ್ದೆ, ನೀನೂ ಬರ್ದೆ" ಎಂದರು.

ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ ಅವರಿಗೆ ಯಾವಾಗಲೋ ಗೊತ್ತಾಗಿತ್ತು. "ಹೂಂ ಅಕ್ಕ" ಎಂದೆ. ಜೂನ್‌ನಿಂದ ಪ್ರತಿ ತಿಂಗಳೂ ವ್ಯಾನು ಒಬ್ಬ ತಾತನನ್ನು ಬಿಟ್ಟು, ಇನ್ನೊಬ್ಬನನ್ನು ಮಾತಾಡಿಸಲು ಕರೆತರುತ್ತಿತ್ತು.

ಸಾರ್ ಅಂದು ಊರಿಗೆ ಹೊರಡಲಿಲ್ಲ. ಏಪ್ರಿಲ್, ಮೇ ತಿಂಗಳ ವಿವರ ಇನ್ನೂ ಸುಡದ ಪುಸ್ತಕದಲ್ಲಿತ್ತು. ಅದನ್ನು ಹುಳದ ಮನೆಯಿಂದ ಹೊರತರುವಂತಿರಲಿಲ್ಲ. ಅಲ್ಲಿನ ಸಹಾಯಕಿಗೆ ಫೋನು ಮಾಡಿ ಓದಿಸಿ, ಸಂಜೆಯವರೆಗೆ ಒಂದೊಂದೇ ಬೆರಳಲ್ಲಿ ಟೈಪು ಮಾಡಿದರು. ಐದೂವರೆಗೆ ನಾನು ಆ ದಿನದ ಟೇಪು ತೆಗೆದೆ. ಸೋಮವಾರದ್ದು, ಮಗ.

"ಇದರಲ್ಲಿ ಇದೂ ಸೇರತ್ತಾ?"

"ಸೇರತ್ತೆ ಸಾರ್."

"ಕೊಡಿ, ನಾನೇ ಹಾಕ್ತೀನಿ."

ತಾಯಿ ಚಿಟ್ಟೆಯನ್ನು ಹಾಳೆಯ ಮೇಲೆ ಬಿಡುವವರ ಹಾಗೆ ಅಂಚು ಮಾತ್ರ ಹಿಡಿದು, ಯಂತ್ರದ ಬಾಯಿಗೆ ಮೆಲ್ಲಗೆ ನೂಕಿದರು. ಅದು ಒಳಗೆ ಹೋಗಿ ಹಸಿರು ದೀಪ ಹತ್ತಿತು. ಇಬ್ಬರೂ ಸದ್ದು ಕೇಳುತ್ತಾ ನಿಂತೆವು. ಅವರು ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿದರು:

"ಇವನಿಗೆ ಸುಣ್ಣ ಏನೂ ಬೇಡ್ವಾ?"