ಫ್ರಿಜ್ಜಿಗೆ ಕಾಯಿದೆ, ಬೆಲ್ಲಕ್ಕೆ ಬೀಗ

ನಮ್ಮ ಮನೆಗೆ ಫ್ರಿಜ್ಜು ಬಂದದ್ದು ಐಸ್‌ಕ್ರೀಮಿಗೂ ಅಲ್ಲ, ತಣ್ಣೀರಿಗೂ ಅಲ್ಲ, ಅವ್ವನ ಇನ್ಸುಲಿನ್ ಸೀಸೆ ಇಡುವುದಕ್ಕೆ. ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದ ನಮ್ಮ ಬೀದಿಗೆಲ್ಲ ಅದೇ ಮೊದಲನೆಯದು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಮಗಳಾದ ನನ್ನ ಜೊತೆ ಇರಲು ಬಂದಾಗ ಆ ಸೀಸೆ ಒದ್ದೆ ಮರಳು ತುಂಬಿದ ಪುಟ್ಟ ಮಡಕೆಯೊಳಗೆ ಕೂತು ಬಂದಿತ್ತು. ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಎರಡು ಬೇಸಿಗೆ ಔಷಧಿ ಕೆಡದಂತೆ ಕಾಪಾಡಿದ್ದಳು. ನನಗೆ ಆ ಮಡಕೆ ಕಂಡರೆ ನಾಚಿಕೆ. ಶ್ರೀರಂಗಪಟ್ಟಣದ ಆಫೀಸೊಂದರಲ್ಲಿ ಗುಮಾಸ್ತೆಯಾಗಿ ದುಡಿಯುವ ಮಗಳು ತಾಯಿಯ ಔಷಧಿಯನ್ನು ಮಡಕೆಯಲ್ಲಿ ಇಡುವುದೇ? ಗಂಡನ ತಲೆ ತಿಂದು ತಿಂದು ಕೊನೆಗೂ ಮೈಸೂರಿನಿಂದ ಫ್ರಿಜ್ಜು ತರಿಸಿದೆ.

ಒಂದೇ ಬಾಗಿಲಿನ ಫ್ರಿಜ್ಜು. ಒಳಗೆ ಎಲ್ಲಕ್ಕಿಂತ ಮೇಲೆ ಪುಟ್ಟ ಮುಚ್ಚಳದ ಐಸ್ ಪೆಟ್ಟಿಗೆ, ಅದರ ಕೆಳಗೆ ತಂತಿಯ ಅಟ್ಟಗಳು, ತಳದಲ್ಲಿ ತರಕಾರಿಯ ಡಬ್ಬ. ಬಾಗಿಲಿನ ಒಳಬದಿಯಲ್ಲಿ ಮೊಟ್ಟೆಯ ಗುಳಿಗಳ ಪಕ್ಕ ಇನ್ಸುಲಿನ್ನಿನ ರಟ್ಟಿನ ಡಬ್ಬಿಗೆ ಜಾಗ ಮಾಡಿದೆ. ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಅವ್ವನಿಗೆ ಇಲ್ಲ ಎನ್ನುವ ಮಾತು ಬಾಯಿಗೇ ಬರುತ್ತಿರಲಿಲ್ಲ. ಪಕ್ಕದ ಮನೆಯವಳು ದೋಸೆ ಹಿಟ್ಟು ತಂದಿಟ್ಟಳು. ಎದುರು ಮನೆಯ ಲಾರಿ ಡ್ರೈವರನ ಹೆಂಡತಿ ಬಕ್ರೀದಿನ ಮಾಂಸ ತಂದಳು. ಮದುವೆ ಇಟ್ಟುಕೊಂಡವರು ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನೇ ನುಗ್ಗಿಸಿದರು. ಸಂಜೆ ನಾನು ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಬಾಗಿಲು ತೆಗೆದರೆ, ಮೇಲಿನ ಅಟ್ಟದ ಮಾಂಸದ ನೀರು ಕೆಳಗಿನ ಮೊಸರಿಗೆ ತೊಟ್ಟಿಕ್ಕುತ್ತಿರುತ್ತಿತ್ತು. ದೋಸೆ ಹಿಟ್ಟು ಉಕ್ಕಿ ಸೊಪ್ಪಿನ ಮೇಲೆ ಹರಿದಿರುತ್ತಿತ್ತು. ಒಲೆಯಿಂದ ಇಳಿಸಿದ ಸಾರು ಹಬೆಯಾಡುತ್ತಲೇ ಒಳಗೆ ಕೂತಿರುತ್ತಿತ್ತು. ಕಾಫಿ ಕುಡಿದರೆ ಮಲ್ಲಿಗೆ, ಮಜ್ಜಿಗೆ ಕುಡಿದರೆ ಕುರಿ.

"ಇದೇನು ಮನೆಯೋ ಛತ್ರವೋ ಅವ್ವ?" ಎಂದು ರೇಗುತ್ತಿದ್ದೆ.

"ಜಾಗ ಅದೆಯಲ್ಲವ್ವ. ಅವ್ರೂ ವಸಿ ಮಡಿಕ್ಕಂಡ್ರೆ ನಮ್ದೇನು ಸವ್ದೋಯ್ತದಾ, ಬುಡು," ಎನ್ನುತ್ತಿದ್ದಳು.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಫ್ರಿಜ್ಜನ್ನು ಪೂರ್ತಿ ಬರಿದು ಮಾಡಿ, ಸೋಡಾಪುಡಿಯ ನೀರಿನಲ್ಲಿ ಒರೆಸಿ, ಕಾಯಿದೆ ಬರೆದು ಬಾಗಿಲಿಗೆ ಅಂಟಿಸಿದೆ. ಅವ್ವನಿಗೆ ಓದು ಬಾರದು. ಹಾಗಾಗಿ ಎದುರಿಗೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದೆ. ಹಸಿ ಮಾಂಸ ಮುಚ್ಚಿದ ಡಬ್ಬದಲ್ಲಿ, ಎಲ್ಲಕ್ಕಿಂತ ಕೆಳಗಿನ ಅಟ್ಟಕ್ಕೆ. ಬೇಯಿಸಿದ್ದನ್ನು ಆರಿಸಿ, ಮುಚ್ಚಿ, ಅದಕ್ಕಿಂತ ಮೇಲಕ್ಕೆ. ಸೊಪ್ಪು ಬಟ್ಟೆಯಲ್ಲಿ ಸುತ್ತಿ ತಳದ ಡಬ್ಬಕ್ಕೆ. ಬಹಳ ದಿನ ಕೆಡದೆ ಇರಬೇಕಾದ್ದು ಏನೇ ಇದ್ದರೂ ಐಸ್ ಪೆಟ್ಟಿಗೆಗೆ. "ಏನೇ ಇದ್ರೂ, ತಿಳೀತಾ?" ಎಂದು ಬೆರಳು ಬೇರೆ ಆಡಿಸಿದೆ. ಮಗ್ಗಿ ಒಪ್ಪಿಸುವ ಹುಡುಗಿಯಂತೆ ಅವ್ವ ಎಲ್ಲವನ್ನೂ ಒಪ್ಪಿಸಿದಳು. ಅವತ್ತಿನಿಂದ ಫ್ರಿಜ್ಜು ನಾನು ಹೇಳಿದಂತೆಯೇ ಇತ್ತು. ಒಳಗೊಳಗೇ ಬೀಗಿದೆ.

ಅವ್ವನಿಗೆ ದಿನಾ ಬೆಳಿಗ್ಗೆ ಸೂಜಿ ಹಾಕುತ್ತಿದ್ದವಳು ನಾನೇ. ತಣ್ಣಗಿನ ಔಷಧಿ ಒಳಗೆ ಹೋದರೆ ಉರಿಯುತ್ತದೆಂದು, ನಾನು ಸ್ನಾನ ಮುಗಿಸುವಷ್ಟರಲ್ಲಿ ಅವಳೇ ಸೀಸೆ ತೆಗೆದು ಅಂಗೈಯಲ್ಲಿ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿ ಇಟ್ಟಿರುತ್ತಿದ್ದಳು. ಚುಚ್ಚಿ, ಸೀಸೆ ಅವಳ ಕೈಗೆ ಕೊಟ್ಟು, ನಾನು ಬಸ್ಸಿಗೆ ಓಡುತ್ತಿದ್ದೆ. ಆ ದಿನಗಳಲ್ಲಿ ಒಮ್ಮೆ, ಹಾಲಿನಂತಿರಬೇಕಾದ ಔಷಧಿಯಲ್ಲಿ ಸಣ್ಣ ಸಣ್ಣ ಹರಳು ಕಂಡಿದ್ದವು. ಸರಿಯಾಗಿ ಉಜ್ಜಿಲ್ಲವೇನೋ ಅಂದುಕೊಂಡೆ. ಬಸ್ಸಿನ ಹೊತ್ತಾಗಿತ್ತು.

ಅದೇ ಸುಮಾರಿಗೆ ಅವ್ವ ಹೊಸಿಲು ಎಡವಿ ಕಾಲಿನ ಹೆಬ್ಬೆರಳು ಒಡೆದುಕೊಂಡಳು. ಗಾಯ ಒಣಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಎಲ್ಲೋ ಏರಿ ಕೂತಿದೆ. ಡಾಕ್ಟರು ಔಷಧಿಯ ಅಳತೆ ಹೆಚ್ಚಿಸಿದರು. ಹದಿನೈದು ದಿನ ಬಿಟ್ಟು ನೋಡಿದರೆ ಇನ್ನೂ ಜಾಸ್ತಿ. "ಸಿಹಿ ತಿಂತಾ ಇದ್ದಾರೆ ಅನ್ಸುತ್ತೆ, ಮನೇಲಿ ಗಮನ ಕೊಡಿ. ಹೀಗೇ ಆದರೆ ಬೆರಳು ಉಳಿಯೋದು ಕಷ್ಟ," ಎಂದರು.

ನನಗೆ ಅಷ್ಟು ಸಾಕಾಗಿತ್ತು. ಅವ್ವನಿಗೆ ಬೆಲ್ಲದ ಮೇಲೆ ಎಷ್ಟು ಆಸೆ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಡಬ್ಬಿಯ ತಳ ಕೆರೆದು ಬೆರಳು ಚೀಪುವಾಗ ಸಿಕ್ಕಿಬಿದ್ದಿದ್ದಳು. ದಾರಿಯುದ್ದಕ್ಕೂ ಬೈದೆ. ಮನೆಗೆ ಬಂದ ಮೇಲೂ ಬೈದೆ.

"ನಿನ್ನಾಣೆಗೂ ತಿಂದಿಲ್ಲ ಕಣವ್ವ."

"ನನ್ನ ಮೇಲೆ ಆಣೆ ಬೇರೆ ಇಡ್ತೀಯಾ? ಬೆರಳು ಕತ್ತರಿಸಿದ್ರೆ ಆಸ್ಪತ್ರೇಲಿ ಕೂರೋರು ಯಾರು?"

ನಾನು ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡೆ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು. ಕಾಫಿ ಗೀಫಿ ಎಲ್ಲ ಆಮೇಲಿನ ಮಾತು. ಕಬ್ಬಿನ ಸೀಮೆಯಲ್ಲಿ ಬರಿ ನೀರು ಕೊಟ್ಟರೆ ಬಂದವರನ್ನು ಎದ್ದು ಹೋಗಿ ಎಂದಂತೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೀಗ ಹಾಕಿದ ಮುಂದಿನ ಭಾನುವಾರವೇ ಅಕ್ಕಿಹೆಬ್ಬಾಳಿನಿಂದ ಸೋದರಮಾವ, ಅವ್ವನ ಒಬ್ಬನೇ ತಮ್ಮ, ಅಕ್ಕನ ಗಾಯ ನೋಡಲು ಬಂದರು. ಅವ್ವ ಕುಂಟುತ್ತ ಎದ್ದು, ಬೀರುವಿನ ಹತ್ತಿರ ಹೋಗಿ ನಿಂತು, ನನ್ನ ಮುಖ ನೋಡಿದಳು. ನಾನು ಪೇಪರಿನಿಂದ ಕಣ್ಣೆತ್ತಲಿಲ್ಲ. ಹಠ. ಕೀಲಿಕೈ ಕೊಟ್ಟರೆ ಸಲಿಗೆಯಾಗುತ್ತದೆ ಎಂಬ ಲೆಕ್ಕ. ಅವ್ವ ಬರಿ ಚೆಂಬು ತಂದು ತಮ್ಮನ ಮುಂದಿಟ್ಟಳು. ಮಾವ ಚೆಂಬನ್ನು ನೋಡಿ, ಅವಳ ಖಾಲಿ ಕೈ ನೋಡಿ, ಏನೂ ಆಗದವರಂತೆ ನೀರು ಕುಡಿದರು. ನಾನು ಕಾಫಿ ಮಾಡಿ ಕೊಟ್ಟೆ. ಹೊರಡುವಾಗ ಅಕ್ಕ ತಮ್ಮ ಜಗುಲಿಯಲ್ಲಿ ಏನೋ ಪಿಸುಗುಟ್ಟಿದರು. ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ ಎಂದು ಮತ್ತೆ ಸಿಟ್ಟು ಬಂತು.

ಎರಡನೇ ಶನಿವಾರ ರಜೆ. ಸ್ನಾನಕ್ಕೆ ಅವಸರವಿರಲಿಲ್ಲ. ಅಡಿಗೆಮನೆಗೆ ಬಂದರೆ ಅವ್ವ ಫ್ರಿಜ್ಜಿನ ಮುಂದೆ ತುದಿಗಾಲಲ್ಲಿ ನಿಂತು, ಚಮಚದ ಹಿಡಿಯಿಂದ ಐಸ್ ಪೆಟ್ಟಿಗೆಯೊಳಗೆ ಏನನ್ನೋ ಕೆರೆಯುತ್ತಿದ್ದಳು. ಗಾಯದ ಕಾಲು ನಡುಗುತ್ತಿತ್ತು. ಮಂಜುಗಡ್ಡೆಗೆ ಅಂಟಿಕೊಂಡಿದ್ದ ಇನ್ಸುಲಿನ್ ಸೀಸೆ ಟಕ್ಕೆಂದು ಬಿಟ್ಟು ಅವಳ ಕೈಗೆ ಬಂತು. ಒಳಗೆ ಔಷಧಿ ಕಲ್ಲಾಗಿತ್ತು. ಬಾಗಿಲಿನ ರಟ್ಟಿನ ಡಬ್ಬಿಯನ್ನು ಎತ್ತಿ ನೋಡಿದೆ. ಖಾಲಿ.

"ಅಯ್ಯೋ, ಇದನ್ನ ಯಾರವ್ವ ಅಲ್ಲಿಡೋಕೆ ಹೇಳಿದ್ದು?" ಎಂದು ಕಿರುಚಿದೆ.

"ನೀನೇ ಕಣವ್ವ," ಎಂದಳು ಅವ್ವ ಗಾಬರಿಯಾಗಿ. "ಭಾಳ ದಿನ ಕೆಡ್ದಂಗೆ ಇರ್ಬೇಕಾದ್ದು ಏನೇ ಇದ್ರೂ ಅಲ್ಲಿಗೇ ಅಂದ್ಯಲ್ಲ. ಕರೆಂಟು ಓದ್ರೂ ಅಲ್ಲಿ ತಂಪಾಗೇ ಇರ್ತದೆ ಅಂತ ಮಡಗ್ದೆ. ಡಬ್ಬಿ ಒದ್ದೆ ಆಯ್ತದೆ ಅಂತ ಅದ್ನ ಅಲ್ಲೇ ಬುಟ್ಟೆ."

ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು ಎಂದರು ಡಾಕ್ಟರು. ಅಷ್ಟು ದಿನ ನಾನು ಅವಳಿಗೆ ಚುಚ್ಚಿದ್ದು ಕೆಟ್ಟುಹೋದ ನೀರು. ಮಡಕೆಯಲ್ಲಿ ಎರಡು ಬೇಸಿಗೆ ಕೆಡದೆ ಉಳಿದ ಔಷಧಿ ನನ್ನ ಕಾಯಿದೆಗೆ ಒಂದೂವರೆ ತಿಂಗಳೂ ತಡೆಯಲಿಲ್ಲ. ಹರಳು ಕಣ್ಣಿಗೆ ಬಿದ್ದಿದ್ದರೂ ನಾನು ಬಸ್ಸು ಹಿಡಿಯಲು ಓಡಿದವಳು. ಮನೆಗೆ ಬಂದು ಬಾಗಿಲಿನ ಕಾಗದವನ್ನು ಪರಪರ ಕಿತ್ತು ಒಲೆಗೆ ಹಾಕಿದೆ. ಬೀರುವಿನ ಕೀಲಿಕೈಯನ್ನು ಅವ್ವನ ಮುಂದಿಟ್ಟೆ.

"ನಂಗ್ಯಾಕವ್ವ? ನೀನೇ ಮಡಿಕ್ಕೊ," ಎಂದಳು.

ಹೊಸ ಸೀಸೆ ಬಂತು. ಸಕ್ಕರೆ ಇಳಿಯಿತು. ಬೆರಳೂ ನಿಧಾನವಾಗಿ ಒಣಗಿತು. ಆದರೆ ಅವ್ವ ತಾನಾಗಿ ಬೆಲ್ಲದ ಡಬ್ಬಿ ಮುಟ್ಟುವುದನ್ನು ಬಿಟ್ಟಳು. ಬಂದವರಿಗೆ ಕೊಡಬೇಕಾದರೂ ನನ್ನನ್ನೇ ಕರೆಯುತ್ತಿದ್ದಳು.

ಮುಂದಿನ ತಿಂಗಳು ಮಾವ ಮತ್ತೆ ಬಂದರು. ಹೆಗಲ ಮೇಲೊಂದು ಟವೆಲ್ಲಿನ ಗಂಟು. ಬಿಚ್ಚಿದರೆ, ಆಲೆಮನೆಯಿಂದ ಆಗಷ್ಟೇ ಬಂದ ಅಚ್ಚು ಬೆಲ್ಲ.

"ಓದ್ಸಲ ಬಂದಾಗ ಬೆಲ್ಲ ಮುಗ್ದೋಗದೆ ಅಂದ್ಲು ಅಕ್ಕ," ಎಂದರು ನನ್ನ ಕಡೆ ತಿರುಗಿ. "ಆಫೀಸು ಮನೆ ಅಂತ ಮಗ್ಳು ಒದ್ದಾಡ್ತಾಳೆ, ಸಂತೆಗೋಗಕ್ಕೆ ಪುರುಸೊತ್ತಿಲ್ಲ ಅಂತ ಬೇಜಾರು ಮಾಡ್ಕಂಡ್ಲು. ಅದ್ಕೇ ತಂದೆ ಕಣವ್ವ."

ಜಗುಲಿಯಲ್ಲಿ ಅವ್ವ ಪಿಸುಗುಟ್ಟಿದ್ದು ಅದು.

ಅವ್ವ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡಿಗೆಮನೆಗೆ ಬಂದಳು. ಫ್ರಿಜ್ಜು ನೋಡಿದಳು, ಬೀರು ನೋಡಿದಳು.

"ಇದ್ನ ಎಲ್ಲಿ ಮಡಗ್ಲವ್ವ?" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಿನಗೆ ಎಲ್ಲಿ ಬೇಕೋ ಅಲ್ಲಿ ಇಡು ಅವ್ವ," ಎಂದೆ.

ಅವಳು ಗಂಟು ಹಿಡಿದುಕೊಂಡು ಹಾಗೇ ನಿಂತಿದ್ದಳು, ನಾನು ಜಾಗ ತೋರಿಸಲಿ ಎಂದು.